ಚಮಕಿಯ ತೋಳು

ಟ್ರಯಲ್ ರೂಮಿನ ಪರದೆ ಸರಿಸಿ ದೀಕ್ಷಿತಾ ಹೊರಗೆ ಬಂದಾಗ ವಾರಿಜಳ ಕಣ್ಣು ಮೊದಲು ಹೋದದ್ದು ಮಗಳ ಮೇಲಲ್ಲ, ಅಂಗಡಿಯ ಬಾಗಿಲ ಮೇಲೆ. ಊರಿನವರು ಯಾರಾದರೂ ಒಳಗೆ ಬಂದುಬಿಟ್ಟರೆ? ಅಬುಧಾಬಿ ಬಹಳ ದೊಡ್ಡ ಊರೆಂದು ಹೇಳುವವರು ಹೇಳಿಕೊಳ್ಳಲಿ, ಉಡುಪಿ ಕಡೆಯವರ ಪಾಲಿಗೆ ಅದು ಉಡುಪಿ ಬಸ್‌ಸ್ಟ್ಯಾಂಡಿಗಿಂತ ದೊಡ್ಡದೇನಲ್ಲ. ಬಂಗುಡೆ ಮೀನು ಕೊಳ್ಳಲು ಹೋದರೂ ಗುರುತಿನವರು ಒಬ್ಬರಲ್ಲ ಒಬ್ಬರು ಎದುರಾಗಿ ಚೀಲದೊಳಗೆ ಇಣುಕುತ್ತಾರೆ.

ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವಳು ಮಗಳನ್ನು ನೋಡಿದಳು. ಬೆಳ್ಳಿ ಬಣ್ಣದ ಡ್ರೆಸ್ಸು, ನೆಲ ಮುಟ್ಟುವಷ್ಟು ಉದ್ದ, ಮೈತುಂಬ ಚಮಕಿ. ಹುಡುಗಿ ಉಸಿರಾಡಿದರೂ ಎಲ್ಲಾದರೊಂದು ಕಡೆ ಮಿಣುಕುತ್ತಿತ್ತು. ಚೆಂದವಿತ್ತು, ಅದನ್ನು ವಾರಿಜ ಮನಸ್ಸಿನಲ್ಲೇ ಒಪ್ಪಿಕೊಂಡಳು. ಆದರೆ ಡ್ರೆಸ್ಸಿಗೆ ತೋಳಿರಲಿಲ್ಲ. ಎಡಭುಜದಿಂದ ಶುರುವಾದ ಬಿಳಿ ಕಲೆ ಮೊಣಕೈ ದಾಟಿ ಮಣಿಕಟ್ಟಿನವರೆಗೂ ಇಳಿದದ್ದು ಅಂಗಡಿಯ ದೀಪದ ಕೆಳಗೆ ಎದ್ದು ಕಾಣುತ್ತಿತ್ತು.

ದೀಕ್ಷಿತಾ ಆರನೇ ಕ್ಲಾಸಿನಲ್ಲಿದ್ದಾಗ ಬಟಾಣಿಯಷ್ಟಿದ್ದ ಕಲೆ ಅದು. ಯಾರಿಗೂ ಅಂಟುವುದಿಲ್ಲ, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರು. ವಾರಿಜ ತಲೆಯಾಡಿಸಿ ಬಂದು, ರಜೆಗೆ ಊರಿಗೆ ಹೋದಾಗಲೆಲ್ಲ ನಾಗನಿಗೆ ತಂಬಿಲದ ಪೂಜೆ ಮಾಡಿಸಿದಳು, ಇಲ್ಲಿ ಉದ್ದ ತೋಳಿನ ಅಂಗಿಗಳನ್ನೇ ಕೊಂಡಳು, ಕೇಳಿದವರಿಗೆಲ್ಲ ಬಿಸಿಲಿನ ಅಲರ್ಜಿ ಎಂದಳು. ಆ ಕಲೆಗೆ ಊರಿನಲ್ಲಿರುವ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಈಗಂತೂ ಹೇಳುವ ಹಾಗೇ ಇರಲಿಲ್ಲ. ದುಬೈಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ದೊಡ್ಡ ಮಗಳು ಭವ್ಯಶ್ರೀಗೆ ಅಲ್ಲಿಯದೇ ಮಿರ್ದಿಫ್‌ನ ರಿತೇಶನ ಜೊತೆ ಮಾತುಕತೆ ಮುಗಿದಿತ್ತು. ನಿಶ್ಚಯಕ್ಕೆ ದಿನ ನೋಡುವುದಷ್ಟೇ ಬಾಕಿ. ರಿತೇಶನ ತಾಯಿ ಅಮ್ಮಣ್ಣಿ ಕೆಟ್ಟವಳೇನಲ್ಲ, ಆದರೆ ಸಂಬಂಧದ ಮನೆಯ ಜಾತಕ ಜಾಲಾಡುವುದರಲ್ಲಿ ಪೊಲೀಸರೂ ಅವಳ ಹತ್ತಿರ ಕಲಿಯಬೇಕು. ಮೊದಲೊಂದು ಹುಡುಗಿಯ ಚಿಕ್ಕಮ್ಮನಿಗೆ ಇಂಥದ್ದೇ ಕಲೆಯಿದೆಯೆಂದು ಗೊತ್ತಾಗಿ ಸಂಬಂಧ ಬಿಟ್ಟದ್ದನ್ನು ಅವಳೇ ವಾರಿಜಳ ಮುಂದೆ ಹೇಳಿಕೊಂಡಿದ್ದಳು. ಒಳ್ಳೇದೇ ಮಾಡಿದ್ರಿ ಅಕ್ಕ ಎಂದು ವಾರಿಜ ಆ ದಿನ ಹೇಳಿಯೂ ಬಿಟ್ಟಿದ್ದಳು.

"ಇದು ಬೇಡ," ಎಂದಳು ವಾರಿಜ. "ಆ ನೀಲಿದು ಉಂಟಲ್ಲ, ಫುಲ್ ಸ್ಲೀವ್. ಅದು ಎಷ್ಟು ಡೀಸೆಂಟ್ ಉಂಟು."

"ಅಮ್ಮ, ಅದು ನಮ್ಮ ಸೋಫಾ ಕವರ್ ಥರ ಉಂಟು."

"ಸೋಫಾ ಕವರ್ ಹಾಕಿದ್ರೆ ಯಾರೂ ಸಾಯುದಿಲ್ಲ."

"ಸ್ಕೂಲಲ್ಲಿ ಇದೇ ಲಾಸ್ಟ್ ಇಯರ್, ಲಾಸ್ಟ್ ಪಾರ್ಟಿ. ಐ ವಾಂಟ್ ದಿಸ್. ಯಾರು ನೋಡಿದ್ರೂ ಐ ಡೋಂಟ್ ಕೇರ್."

"ನಿನಗೆ ಕೇರ್ ಇಲ್ಲ ಮಾರಾಯ್ತಿ, ಅಕ್ಕನಿಗೆ ಬೇಕಲ್ಲ!"

ದೀಕ್ಷಿತಾ ಬಾಯಿ ಮುಚ್ಚಿಕೊಂಡಳು. ಅಕ್ಕನ ಹೆಸರೆತ್ತಿದರೆ ಅವಳು ಯಾವಾಗಲೂ ಸುಮ್ಮನಾಗುತ್ತಿದ್ದಳು, ಅದು ಗೊತ್ತಿದ್ದೇ ವಾರಿಜ ಎತ್ತುತ್ತಿದ್ದಳು. ಕೊನೆಗೆ ಅಂಗಡಿಯಲ್ಲೇ ಒಂದು ರಾಜಿ ಆಯಿತು. ಬೆಳ್ಳಿ ಡ್ರೆಸ್ಸನ್ನೇ ಕೊಳ್ಳುವುದು, ಅದಕ್ಕೆ ಅಮ್ಮ ತೋಳು ಹೊಲಿದು ಕೂಡಿಸುವುದು.

ವಾರಿಜ ಅದೇ ಬಣ್ಣದ ಚಮಕಿ ಬಟ್ಟೆಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದಳು. ಬನಿಯಾಸ್‌ನ ತಮ್ಮ ಫ್ಲಾಟಿನಲ್ಲಿ, ಗಂಡ ಗುಣಪಾಲ ಹೋಟೆಲಿನ ಸ್ಟೋರಿಗೆ ಡ್ಯೂಟಿಗೆ ಹೋದ ಮೇಲೆ, ಮಿಷನ್ನಿನ ಮುಂದೆ ಕೂತು ಹೊಲಿದಳು. ಚಮಕಿಯ ಮೇಲೆ ಸೂಜಿ ಹೋಗುವಾಗ ಕಟಕಟ ಎನ್ನುತ್ತಿತ್ತು, ಎರಡು ಸೂಜಿ ಮುರಿದವು. ತೋಳು ಅಂಗೈಯ ಹಿಂಬದಿಯವರೆಗೂ ಬರಬೇಕು, ಕುಣಿಯುವಾಗ ಕೈ ಎತ್ತಿದರೂ ಮೇಲೆ ಸರಿಯಬಾರದು. ಅಷ್ಟು ಬಿಗಿ ಮಾಡಿದಳು. ಹಾಕಿ ನೋಡಿದ ದೀಕ್ಷಿತಾ, "ಚುಚ್ಚುತ್ತದೆ," ಎಂದಳು. ವಾರಿಜ ಒಳಗೆ ಸ್ಯಾಟಿನ್ ಕೊಟ್ಟಳು.

ಗುರುವಾರ ಬಂತು. ಶಾಲೆಯ ಕಾಗದದಲ್ಲಿ ಅದು ಹನ್ನೆರಡನೇ ಕ್ಲಾಸಿನ ಬೀಳ್ಕೊಡುಗೆ, ಮಕ್ಕಳ ಬಾಯಲ್ಲಿ ಪ್ರಾಮ್. ಮಧ್ಯಾಹ್ನದಿಂದಲೇ ಮನೆಯಲ್ಲಿ ಯುದ್ಧ. ಕೂದಲು ಬಿಡುವುದೋ ಕಟ್ಟುವುದೋ, ಕಿವಿಗೆ ಉದ್ದದ್ದೋ ಗಿಡ್ಡದ್ದೋ. ತುಟಿಗೆ ಹಚ್ಚಿದ ಕೆಂಪು ಜಾಸ್ತಿಯಾಯಿತೆಂದು ಅಮ್ಮ ಒರೆಸಿದಳು, ಮಗಳು ಮತ್ತೆ ಹಚ್ಚಿದಳು. ಇಷ್ಟರ ಮೇಲೆ ವಾರಿಜ ತೋಳಿನೊಳಗಿನ ಕಲೆಗೂ ಫೌಂಡೇಶನ್ ಬಳಿದಳು, ಬೀಗ ಹಾಕಿದ ಮೇಲೂ ಕದ ತಳ್ಳಿ ನೋಡುವವರ ಹಾಗೆ.

ಅಷ್ಟರಲ್ಲಿ ಫೋನು. ಅಮ್ಮಣ್ಣಿ!

"ವಾರಿಜಾ, ನಾನು ಇಲ್ಲೇ ಖಲೀಫಾ ಸಿಟಿಯಲ್ಲಿ ಸತ್ಯನಾರಾಯಣ ಪೂಜೆಗೆ ಬಂದದ್ದು. ಸಣ್ಣವಳಿಗೆ ಇವತ್ತು ಎಂತದೋ ಪಾರ್ಟಿಯಂತೆ, ಭವ್ಯ ಹೇಳಿದಳು. ನೋಡಿಯೇ ಹೋಗ್ತೇನೆ."

ಬೇಡ ಎನ್ನಲು ಬರುತ್ತದೆಯೇ? ವಾರಿಜ ಬನ್ನಿ ಅಕ್ಕ ಬನ್ನಿ ಎಂದು ನಕ್ಕಳು, ಫೋನಿಟ್ಟು ಫೌಂಡೇಶನ್ ಬಾಟಲಿಯನ್ನು ಕಪಾಟಿನಲ್ಲಿ ಅಡಗಿಸಿದಳು. "ನೀನು ಕೈ ಮಡಚಿ ಕೂತುಕೋ," ಎಂದು ಮಗಳಿಗೆ ಹೇಳಿದಳು.

ಅಮ್ಮಣ್ಣಿ ರೇಷ್ಮೆ ಸೀರೆಯ ಸದ್ದು ಮಾಡಿಕೊಂಡು ಬಂದಳು. ಹುಡುಗಿಯನ್ನು ನಿಲ್ಲಿಸಿ, ತಿರುಗಿಸಿ ನೋಡಿದಳು. "ಯಬ್ಬ, ಎಂತ ಚೆಂದ! ಕಣ್ಣು ತಾಗುತ್ತದೆ," ಎಂದಳು. ಅದು ಮನಸಾರೆ ಹೇಳಿದ ಮಾತು, ವಾರಿಜಳಿಗೆ ಒಂದು ಗಳಿಗೆ ಹಗುರವೆನಿಸಿತು. ಆಮೇಲೆ ಅಮ್ಮಣ್ಣಿ ಚೀಲದಿಂದ ಹಸಿರು ಗಾಜಿನ ಬಳೆಗಳನ್ನು ತೆಗೆದಳು.

"ಪೂಜೆಯಲ್ಲಿ ಇಟ್ಟದ್ದು. ನಮ್ಮ ಮನೆಯ ಸಂಬಂಧ ಆಗುವ ಹುಡುಗಿಯನ್ನು ಬರಿಗೈಯಲ್ಲಿ ಕಳಿಸುದುಂಟಾ? ಕೈ ಕೊಡು ಮಗಾ."

ಅವಳು ದೀಕ್ಷಿತಾಳ ಎಡಗೈ ಹಿಡಿದೇಬಿಟ್ಟಳು. ಬಳೆ ಬೆರಳು ದಾಟಿತು, ತೋಳಿನ ಅಂಚಿನ ಚಮಕಿಗೆ ಸಿಕ್ಕಿ ನಿಂತಿತು. ಒತ್ತಿದರೆ ಗಾಜು ಒಡೆಯುತ್ತದೆ, ಪೂಜೆಯ ಬಳೆ ಒಡೆಯುವುದೆಂದರೆ ಅಪಶಕುನ.

"ಈ ತೋಳು ಸ್ವಲ್ಪ ಮೇಲೆ ಮಾಡು ನೋಡುವ."

ಮೇಲೆ ಹೋಗದ ಹಾಗೆ ಹೊಲಿದದ್ದಲ್ಲವೇ, ಹೋಗಲಿಲ್ಲ. ಅಮ್ಮಣ್ಣಿ ಅಂಚನ್ನು ಉಗುರಿನಿಂದ ಬಿಡಿಸತೊಡಗಿದಳು. ಒಂದು ಹೊಲಿಗೆ ಟಕ್ಕೆಂದಿತು. ವಾರಿಜಳಿಗೆ ಕೈಕಾಲು ಆಡಲಿಲ್ಲ, ಬಾಯಿ ಮಾತ್ರ ಆಡಿತು.

"ಬೇಡ ಅಕ್ಕ! ಅವಳು ಹೊರಗಾಗಿದ್ದಾಳೆ. ಪೂಜೆಯದ್ದು ಮುಟ್ಟುವ ಹಾಗಿಲ್ಲ."

ಅಮ್ಮಣ್ಣಿ ಕೆಂಡ ಮುಟ್ಟಿದವಳ ಹಾಗೆ ಕೈ ಬಿಟ್ಟಳು. ತಿಂಗಳ ಮುಟ್ಟಿನಲ್ಲಿರುವವಳನ್ನು ಮುಟ್ಟಿ, ಅದೇ ಕೈಯಲ್ಲಿ ಪ್ರಸಾದ ಒಯ್ಯುವುದೇ? "ಮೊದಲೇ ಹೇಳ್ಬೇಕಲ್ಲ ವಾರಿಜಾ! ಇನ್ನೂ ಎರಡು ಮನೆಗೆ ಪ್ರಸಾದ ಕೊಡ್ಲಿಕ್ಕುಂಟು ನನಗೆ." ಅವಳು ಬಳೆಗಳನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ಅಗಲಿಸಿ ಹಿಡಿದು ನಿಂತಳು. ವಾರಿಜ ಓಡಿಹೋಗಿ ಟಿಶ್ಯೂ ಪೆಟ್ಟಿಗೆ ತಂದುಕೊಟ್ಟಳು. ಅಮ್ಮಣ್ಣಿ ಒಂದೊಂದೇ ಬೆರಳು ಒರೆಸಿಕೊಂಡಳು.

ಸುಳ್ಳು ಫಲಿಸಿತ್ತು. ವಾರಿಜ ಉಸಿರು ಬಿಟ್ಟು ಮಗಳ ಕಡೆ ನೋಡಿದಳು. ದೀಕ್ಷಿತಾ ಆ ಟಿಶ್ಯೂವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನ ಕಾಡಿಗೆ ಕದಡಿರಲಿಲ್ಲ, ಮುಖ ಮಾತ್ರ ಪೂರ್ತಿ ಬದಲಾಗಿತ್ತು.

"ನಾನು ಹೊರಗೆ ಅಲ್ಲ," ಎಂದಳು.

"ದೀಕ್ಷಾ, ಸುಮ್ನಿರು."

"ಐ ಆಮ್ ನಾಟ್, ಆಂಟಿ. ಅಮ್ಮ ಸುಳ್ಳು ಹೇಳಿದ್ದು. ನಿಮಗೆ ಇದು ಕಾಣಬಾರದು ಅಂತ."

ಬಲಗೈಯಿಂದ ಭುಜದ ಹೊಲಿಗೆಯನ್ನು ಹಿಡಿದು ಎಳೆದಳು. ದಾರ ಹರಿಯಿತು, ಚಮಕಿ ನೆಲದ ತುಂಬ ಚೆಲ್ಲಿತು. ತೋಳು ಮುದುಡಿಕೊಂಡು ಮಣಿಕಟ್ಟಿಗೆ ಇಳಿಯಿತು. ಬಳಿದ ಫೌಂಡೇಶನ್ ಅದರ ಜೊತೆಗೇ ಕಿತ್ತುಬಂದು, ಕಂದು ಗೀರುಗಳ ನಡುವೆ ಬಿಳಿ ಕಲೆ ಇನ್ನಷ್ಟು ಎದ್ದು ಕಂಡಿತು.

ಅಮ್ಮಣ್ಣಿ ಕಲೆಯನ್ನು ಭುಜದಿಂದ ಕೆಳಗಿನವರೆಗೂ ನೋಡಿದಳು. ಆಮೇಲೆ ಹುಡುಗಿಯನ್ನು ಬಿಟ್ಟು ತಾಯಿಯ ಕಡೆ ತಿರುಗಿದಳು.

"ಭವ್ಯನಿಗೂ ಉಂಟಾ?"

ಇದಕ್ಕೆ ವಾರಿಜಳ ಹತ್ತಿರ ಉತ್ತರವಿತ್ತು. ಇಲ್ಲ, ಅಕ್ಕ. ಯಾವ ದೈವದ ಮುಂದೆ ಬೇಕಾದರೂ ನಿಂತು ಹೇಳಬಹುದಾದ ನಿಜ ಅದು. ಒಂದೇ ಮಾತು ಹೇಳಿದರೆ ಸಾಕು, ಸಂಬಂಧ ಬಹುಶಃ ಉಳಿಯುತ್ತಿತ್ತು. ದೊಡ್ಡವಳು ಸರಿಯಾಗಿದ್ದಾಳೆ, ಕೆಟ್ಟಿರುವುದು ಇವಳೊಬ್ಬಳೇ ಎಂದು ಹೇಳಿದ ಹಾಗಾಗುತ್ತಿತ್ತು, ಅಷ್ಟೇ. ವಾರಿಜ ಬಾಯಿ ತೆರೆದಳು. ಆಗ ದೀಕ್ಷಿತಾ ಅಮ್ಮನ ಬಾಯಿಯನ್ನೇ ನೋಡುತ್ತಿರುವುದು ಕಾಣಿಸಿತು. ಏನು ಬರುತ್ತದೆಂದು ಅವಳಿಗೆ ಮೊದಲೇ ಗೊತ್ತಿರುವ ಹಾಗಿತ್ತು. ಅದನ್ನು ಕಂಡು ವಾರಿಜಳಿಗೆ ನಾಚಿಕೆಯಾಯಿತು.

"ಅದಕ್ಕೆ ನಾನು ಉತ್ತರ ಹೇಳುದಿಲ್ಲ ಅಕ್ಕ," ಎಂದಳು. "ಇವಳಿಗೆ ತೊನ್ನು ಉಂಟು. ಆರನೇ ಕ್ಲಾಸಿನಿಂದ ಉಂಟು. ಹೊರಗಾಗಿದ್ದಾಳೆ ಅಂದದ್ದು ಸುಳ್ಳು, ಬಿಸಿಲಿನ ಅಲರ್ಜಿ ಅಂದದ್ದೂ ಸುಳ್ಳು. ತಪ್ಪು ನನ್ನದು, ಇವಳದ್ದಲ್ಲ. ಇಬ್ಬರೂ ನನ್ನ ಮಕ್ಕಳೇ. ಅವಳಿಗೆ ಉಂಟಾ ಇವಳಿಗೆ ಉಂಟಾ ಅಂತ ಬೇರೆ ಬೇರೆ ಮಾಡಿ ತೋರಿಸ್ಲಿಕ್ಕೆ ನನಗೆ ಆಗುದಿಲ್ಲ."

ಅಮ್ಮಣ್ಣಿ ಬಳೆಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. "ಇಷ್ಟು ದಿನ ನಮ್ಮ ಎದುರು ಕೂತು ನಗಾಡಿದೆಯಲ್ಲ ನೀನು," ಎಂದಳು. "ರಿತೇಶನ ಹತ್ತಿರ ಮಾತಾಡಿ ಹೇಳ್ತೇನೆ." ಬಾಗಿಲು ಮುಚ್ಚಿತು. ಆ ಮಾತಿನ ಅರ್ಥವೇನೆಂದು ಸಂಬಂಧ ನೋಡಿದವರಿಗೆಲ್ಲ ಗೊತ್ತು.

"ಅಕ್ಕನ ಮದುವೆ?" ದೀಕ್ಷಿತಾ ಈಗ ಅಳತೊಡಗಿದ್ದಳು. "ನಾನು ಹೋಗುದಿಲ್ಲ ಪಾರ್ಟಿಗೆ."

"ಹೋಗ್ತಿ. ಇಲ್ಲಿ ಬಾ, ಬೆಳಕಿಗೆ."

ವಾರಿಜ ಕತ್ತರಿ ತಂದಳು. ಹರಿದ ತೋಳನ್ನು ಬಿಡಿಸಿ, ಬಲಗಡೆಯದನ್ನೂ ಕತ್ತರಿಸಿದಳು. ಕಂಕುಳ ಸುತ್ತಲಿನ ದಾರಗಳನ್ನು ಒಂದೊಂದಾಗಿ ಆಯ್ದು ತೆಗೆದಳು, ಸಡಿಲವಾದ ಚಮಕಿಗೆ ಗಂಟು ಹಾಕಿದಳು. ಹತ್ತಿಗೆ ತೆಂಗಿನೆಣ್ಣೆ ಹಚ್ಚಿ ಫೌಂಡೇಶನ್ ಒರೆಸಿದಳು. ಮಗಳ ಆ ತೋಳನ್ನು ಹೀಗೆ ನಿಧಾನವಾಗಿ ಮುಟ್ಟಿ ಎಷ್ಟು ಕಾಲವಾಯಿತೆಂದು ಅವಳಿಗೇ ನೆನಪಿರಲಿಲ್ಲ. ಕೂದಲನ್ನು ಎತ್ತಿ ಕಟ್ಟಿದಳು, ಭುಜ ಕಾಣಲಿ ಎಂದೇ ಕಟ್ಟಿದಳು. ತುಟಿಯ ಕೆಂಪಿನ ತಂಟೆಗೆ ಹೋಗಲಿಲ್ಲ.

ಶಾಲೆಯ ಗೇಟಿನ ಹೊರಗೆ ಕಾರು ನಿಲ್ಲಿಸುವಾಗ ಭವ್ಯಶ್ರೀಯ ಫೋನು ಬಂತು. ವಾರಿಜ ಸ್ಪೀಕರ್ ಒತ್ತಿದಳು. ಇನ್ನು ಮುಚ್ಚುವುದೇನಿದೆ?

"ಎಂತ ಮಾಡಿದ್ದು ಅಮ್ಮ ನೀನು? ಆಂಟಿ ನನಗೆ ಫೋನ್ ಮಾಡಿ ಬೈದ್ರು. ಇಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ನನಗೆ ಇಲ್ಲವಲ್ಲ!"

"ಹೇಳ್ಬಹುದಿತ್ತು. ದೀಕ್ಷಾ ನನ್ನ ಬಾಯಿಯನ್ನೇ ನೋಡ್ತಾ ಇದ್ದಳು ಭವ್ಯಾ."

ಆ ಕಡೆಯಿಂದ ಮೂಗು ಎಳೆದ ಸದ್ದು ಕೇಳಿತು.

"ಸಾರಿ ಅಕ್ಕ," ಎಂದಳು ದೀಕ್ಷಿತಾ, ಸಣ್ಣ ಧ್ವನಿಯಲ್ಲಿ.

"ನೀನೂ ಕೇಳ್ತಾ ಇದ್ದಿಯಾ?" ಎಂದಳು ಭವ್ಯಶ್ರೀ. "ನಿನ್ನ ಕೈಯ ವಿಷಯ ಮದುವೆ ಆದ ಮೇಲೆ ರಿತೇಶನಿಗೆ ಹೇಳುವ ಅಂತಿದ್ದೆ. ನಾನೂ ಅಷ್ಟೇ ಹೆದರುಪುಕ್ಕಿ." ಮತ್ತೆ ಮೂಗು ಎಳೆದಳು. "ಅವರಮ್ಮ ಹೇಳುವ ಮೊದಲು ನಾನೇ ಅವನಿಗೆ ತೋರಿಸ್ತೇನೆ. ಒಂದು ಫೋಟೋ ತೆಗೆದು ಕಳಿಸಿ. ಆ ಕೈ ಕಾಣ್ಬೇಕು. ಅವನು ಎಂತ ಹೇಳ್ತಾನೆ ನೋಡುವ. ಬೇಡ ಅಂದ್ರೆ ಖಲಾಸ್."

ಸೂರ್ಯ ಇಳಿದಿದ್ದ, ಗೇಟಿನ ದೀಪಗಳು ಹತ್ತಿಕೊಂಡಿದ್ದವು. ದೀಕ್ಷಿತಾ ಕಾರಿನಿಂದಿಳಿದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಒಳಗಿನಿಂದ ಹಾಡು ಕೇಳುತ್ತಿತ್ತು, ಸೂಟು ಹಾಕಿದ ಹುಡುಗರು, ಹೊಳೆಯುವ ಹುಡುಗಿಯರು ನಗುತ್ತ ದಾಟಿ ಹೋಗುತ್ತಿದ್ದರು. ಒಂದಿಬ್ಬರು ತಿರುಗಿ ಅವಳ ತೋಳನ್ನು ನೋಡಿದರು. ಅಭ್ಯಾಸದಿಂದ ಅವಳ ಎಡಗೈ ಬೆನ್ನ ಹಿಂದೆ ಹೋಗಿತ್ತು.

ವಾರಿಜ ಫೋನು ಎತ್ತಿ ಹಿಡಿದಳು.

"ಕೈ ಮುಂದೆ ತಾ ಮಗಾ," ಎಂದಳು.

ದೀಕ್ಷಿತಾ ಕೈಯನ್ನು ಮುಂದೆ ತಂದು ಸೊಂಟದ ಮೇಲಿಟ್ಟಳು, ಗದ್ದ ಎತ್ತಿದಳು. ವಾರಿಜ ಫೋಟೋ ತೆಗೆದಳು, ಮತ್ತೊಮ್ಮೆ ನೋಡಲಿಲ್ಲ, ದೊಡ್ಡ ಮಗಳಿಗೆ ಕಳಿಸಿಬಿಟ್ಟಳು.