ಮಗುಚಿ ಹೊಲಿದ ಗೌನು

ಅಪ್ಪನ ಹೊಟ್ಟೆಗೆ ಬಟ್ಟೆ ಸಾಲಲಿಲ್ಲ. ಹಳೇ ಖಾಕಿ ಪ್ಯಾಂಟಿನ ಚೂರನ್ನು ಪುಟ್ಟಿ ರಟ್ಟಿನ ಮೇಲೆ ಹೇಗೆ ತಿರುಗಿಸಿ ಇಟ್ಟರೂ ಪಕ್ಕದಲ್ಲಿ ಒಂದು ಬೆರಳಿನಷ್ಟು ಕಮ್ಮಿ ಬೀಳುತ್ತಿತ್ತು.

"ಅಪ್ಪ, ನೀನು ಸ್ವಲ್ಪ ಸಣ್ಣ ಆಗ್ಬೇಕು."

"ಇವತ್ತೇ ಆಗ್ಬೇಕಾ? ಮುಂದಿನ ವರ್ಷದ ಪ್ರಾಜೆಕ್ಟಿಗೆ ಆಗ್ತೀನಿ ಬಿಡೇ," ಅಂದ ಅಪ್ಪ. ಇಡೀ ದಿನ ಯಾರದೋ ಆಫೀಸಿನ ಲಿಫ್ಟ್ ರಿಪೇರಿ ಮಾಡಿ ಬಂದು, ಉಗುರಿನ ಗ್ರೀಸು ಕೂಡ ತೊಳೆಯದೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

"ತಾ ಇಲ್ಲಿ. ಹೊಟ್ಟೆ ಇರೋರಿಗೆ ಬಟ್ಟೆ ಹೊಂದಿಸೋದೇ ನನ್ನ ಕೆಲಸ," ಎಂದು ಚಿಕ್ಕಮ್ಮ ಮಿಷನ್ನಿನಿಂದ ಎದ್ದು ಬಂದಳು. ಚೂರನ್ನು ಓರೆಯಾಗಿ ಹಿಡಿದು ಕತ್ತರಿಸಿದಳು. ಅಪ್ಪ ಹೊಟ್ಟೆಸಮೇತ ರಟ್ಟಿನ ಮೇಲೆ ಕೂತುಬಿಟ್ಟ. ಪುಟ್ಟಿ ಚಪ್ಪಾಳೆ ಹೊಡೆದಳು.

ಎರಡನೇ ಕ್ಲಾಸಿನ ಮಿಸ್ಸು ಕೊಟ್ಟ ಕೆಲಸ ಅದು. 'ನಮ್ಮ ಮನೆಯವರು' ಅಂತ ಒಂದು ಚಿತ್ರ ಮಾಡಬೇಕು. ಆದರೆ ಪೆನ್ಸಿಲ್ಲು, ಬಣ್ಣ ಮುಟ್ಟೋ ಹಾಗಿಲ್ಲ. ಯಾರ್‍ಯಾರು ಹಾಕಿ ಬಿಟ್ಟ ಬಟ್ಟೆ ಇರುತ್ತೋ ಅದರ ಚೂರಿನಲ್ಲೇ ಅವರವರನ್ನು ಕತ್ತರಿಸಿ ಅಂಟಿಸಬೇಕು. ಮಿಸ್ಸಿಗೆ ಎಲ್ಲಿಂದ ಹೊಳೆಯಿತೋ ಏನೋ, ಊರಿನ ಅಮ್ಮಂದಿರೆಲ್ಲ ಬೀರು ಕೆದಕುತ್ತ ಅವರಿಗೆ ಶಾಪ ಹಾಕುತ್ತಿದ್ದರು. ಈ ಮನೆಯಲ್ಲಿ ಮಾತ್ರ ಚೂರುಗಳಿಗೆ ಬರವಿರಲಿಲ್ಲ. ಮುಂದಿನ ಕೋಣೆಯಲ್ಲಿ ಚಿಕ್ಕಮ್ಮನ ಮಿಷನ್ನು. ದಪ್ಪಗಾದವರ ಬಟ್ಟೆ ಬಿಡಿಸುವುದು, ಸಣ್ಣಗಾದವರದ್ದು ಹಿಡಿಯುವುದು ಅವಳ ಕಸುಬು. ಮೂಲೆಯಲ್ಲಿ ಚೂರುಗಳ ಮೂಟೆ ಯಾವಾಗಲೂ ಹೊಟ್ಟೆ ಬಿರಿಯುವಷ್ಟು ತುಂಬಿರುತ್ತಿತ್ತು.

ಅಪ್ಪನ ಪಕ್ಕ ಪುಟ್ಟಿ ತನ್ನನ್ನೇ ಅಂಟಿಸಿಕೊಂಡಳು. ಕಳೆದ ವರ್ಷದ ಯೂನಿಫಾರ್ಮಿನ ಬಿಳಿ ಅಂಗಿಯ ಪುಟ್ಟಿ, ಒಂದು ಕೈ ಉದ್ದಕ್ಕೆ ಚಾಚಿದ ಪುಟ್ಟಿ. ಆ ಕೈ ಯಾರಿಗೆ ಅಂತ ಚಿಕ್ಕಮ್ಮ ಕೇಳಲಿಲ್ಲ. ಸೂಜಿಗೆ ದಾರ ಪೋಣಿಸುವವಳ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಸುಮ್ಮನೆ ನೋಡಿದಳು. ಪ್ರಾಜೆಕ್ಟಿನ ವಿಷಯ ಕಿವಿಗೆ ಬಿದ್ದಾಗಿನಿಂದ ಅವಳ ಎದೆಯಲ್ಲಿ ಒಂದೇ ಪ್ರಶ್ನೆ ಕುಟುಕುತ್ತಿತ್ತು: ಆ ರಟ್ಟಿನ ಮೇಲೆ ತನಗೆ ಜಾಗ ಇದೆಯೋ ಇಲ್ಲವೋ? ಅಪ್ಪನನ್ನು ಮದುವೆಯಾಗಿ ಅವಳು ಈ ಮನೆಗೆ ಬಂದಾಗ ಪುಟ್ಟಿಗೆ ನಾಲ್ಕು ವರ್ಷ. 'ನೀವು' ಅನ್ನುತ್ತಿದ್ದ ಮಗು 'ನೀನು' ಅನ್ನುವುದಕ್ಕೆ ತುಂಬಾ ಕಾಲ ಹಿಡಿದಿತ್ತು.

"ಚಿಕ್ಕಮ್ಮ, ನಿನ್ನ ಏಪ್ರನ್ ಕತ್ತರಿಸ್ಲಾ?"

"ಯಾವುದೇ?"

"ಹಸಿರುದು. ಯಾವಾಗ್ಲೂ ಅದೇ ಹಾಕ್ಕೊಂಡಿರ್ತೀಯಲ್ಲ. ಬೇರೆ ಬಟ್ಟೇಲಿ ಮಾಡಿದ್ರೆ ನೀನು ಅಂತ ಯಾರಿಗೂ ಗೊತ್ತೇ ಆಗಲ್ಲ."

ದಿನಾ ಕೆಲಸಕ್ಕೆ ಬೇಕಾದ ಏಪ್ರನ್ನು. ಚಿಕ್ಕಮ್ಮ ಅದರ ಜೇಬನ್ನೇ ಚರಕ್ಕನೆ ಕಿತ್ತುಕೊಟ್ಟಳು. ಪುಟ್ಟಿ ನಾಲಗೆ ಕಚ್ಚಿಕೊಂಡು ಕತ್ತರಿಸಿದಳು, ತಲೆ ಸೊಟ್ಟ ಬಂತು, ಒಂದು ಕಾಲು ಗಿಡ್ಡ ಆಯಿತು. "ಸರಿಮಾಡಿ ಕೊಡ್ಲಾ?" ಎಂದು ನಾಲಗೆಯ ತುದಿಗೆ ಬಂದದ್ದನ್ನು ಚಿಕ್ಕಮ್ಮ ನುಂಗಿಕೊಂಡಳು. ಬಿಳಿ ಕೈಗೆ ಹಸಿರು ಕೈ ಕೂಡಿಸಿ ಪುಟ್ಟಿ ಧಾರಾಳವಾಗಿ ಅಂಟು ಬಳಿದು ಒತ್ತಿದಳು.

"ನೋಡ್ರೀ, ಕುಂಟಿ ಮಾಡಿದ್ದಾಳೆ ನನ್ನ," ಎಂದು ಚಿಕ್ಕಮ್ಮ ಗಂಡನಿಗೆ ತೋರಿಸಿದಳು. ಅವಳ ಮುಖ ಮಾತ್ರ ಬಹುಮಾನ ಗೆದ್ದವರ ಮುಖದ ಹಾಗಿತ್ತು.

ಅಪ್ಪನ ಇನ್ನೊಂದು ಪಕ್ಕ ಖಾಲಿ ಇತ್ತು. ಪುಟ್ಟಿ ಅದರ ಮೇಲೆ ಬೆರಳಾಡಿಸಿದಳು.

"ಇಲ್ಲಿ ಅಮ್ಮ. ಇಲ್ದೇ ಇರೋರನ್ನೂ ಅಂಟಿಸ್ಬಹುದು ಅಂದ್ರು ಮಿಸ್ಸು. ಫೋಟೋದಲ್ಲಿದೆಯಲ್ಲ, ನೀಲಿ ಗೌನು, ಹಳದಿ ಹೂವು, ಅದು ಬೇಕು."

"ಅದೆಲ್ಲಾ ಕೊಟ್ಬಿಟ್ವಲ್ಲ ಪುಟ್ಟಿ. ಒಂದು ಚೂರೂ ಉಳಿದಿಲ್ಲ. ಬೇರೆ ಯಾವುದಾದ್ರೂ ನೀಲಿ ಹಾಕಮ್ಮ," ಅಂದ ಅಪ್ಪ. ಆಮೇಲೆ ಆ ಮಾತು ಅಲ್ಲೇ ಇರಲಿ ಎನ್ನುವ ಹಾಗೆ ಎದ್ದು ಕೈ ತೊಳೆಯಲು ಹೋದ.

ಚಿಕ್ಕಮ್ಮ ತಾನು ಹಾಕಿಕೊಂಡಿದ್ದ ಗೌನಿನ ಅಂಚನ್ನು ಕಾಲಿನಡಿ ಸೇರಿಸಿಕೊಂಡಳು.

ಮದುವೆಯಾದ ಹೊಸದರಲ್ಲಿ ಗಂಡ ಪುಟ್ಟಿಯ ಅಮ್ಮನ ಬಟ್ಟೆಗಳಿದ್ದ ಬೀರು ತೋರಿಸಿ, ಎಲ್ಲಾ ಮೂಟೆ ಕಟ್ಟಿ ಯಾರಿಗಾದರೂ ಕೊಟ್ಟುಬಿಡು ಎಂದಿದ್ದ. ಅವಳು ಕಟ್ಟಿದಳು, ಕೊಟ್ಟಳು. ಆ ನೀಲಿ ಗೌನೊಂದನ್ನು ಮಾತ್ರ ಕೈ ಬಿಡಲಿಲ್ಲ. ಎಳೆ ಎಳೆಯೂ ಗಟ್ಟಿ ಇದ್ದ ಹತ್ತಿ ಬಟ್ಟೆ. ಹೊಲಿಗೆ ಎಲ್ಲಾ ಬಿಚ್ಚಿ, ಒಳಮೈಯನ್ನು ಹೊರಕ್ಕೆ ಮಗುಚಿ, ಸೊಂಟ ಹಿಡಿದು ತನ್ನ ಅಳತೆಗೆ ಹೊಲಿದುಕೊಂಡಿದ್ದಳು. ಹೊರಗಿನಿಂದ ನೋಡಿದರೆ ಬೂದಿ ಬಣ್ಣ, ಅಲ್ಲಲ್ಲಿ ಮಸುಕು ಮಸುಕು ಕಲೆ. ಹೂವೆಲ್ಲ ಒಳಗೆ, ಅವಳ ಮೈಗೆ ಅಂಟಿಕೊಂಡಿದ್ದವು. ಗಂಡ ಮೂರು ವರ್ಷದಿಂದ ಅದೇ ಗೌನಿನ ಎದುರು ಕೂತು ಉಂಡಿದ್ದ, ಗುರುತು ಹಿಡಿದಿರಲಿಲ್ಲ. ಮೊದಮೊದಲು ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಆಮೇಲೆ ಬರುವುದು ನಿಂತಿತು.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಹಸಿರು ಕೈ ಬಿಳಿ ಕೈ ಹಿಡಿದು ನಿಂತಿದೆ, ಆ ಖುಷಿಯಲ್ಲಿ ಚಿಕ್ಕಮ್ಮನಿಗೆ ಊರೆಲ್ಲ ಹಂಚುವಷ್ಟು ಧಾರಾಳ ಬಂದಿತ್ತು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳ ಅಭ್ಯಾಸವೇ ಹಾಗೆ, ಯಾರ ಬಟ್ಟೆಯ ಅಂಚನ್ನೂ ಕತ್ತರಿಸಿ ಬಿಸಾಡುವವಳಲ್ಲ; ಮುಂದೆ ಬಿಡಿಸಬೇಕಾದರೆ ಇರಲಿ ಅಂತ ಅಂಚಿನಲ್ಲಿ ಅಗಲಕ್ಕೆ ಮಡಚಿಟ್ಟಿರುತ್ತಾಳೆ. ಹೊಲಿಗೆ ಬಿಚ್ಚಿದಳು. ಮಡಿಕೆಯೊಳಗೆ ಹಳದಿ ಹೂವು ನಿನ್ನೆ ಅಚ್ಚು ಹಾಕಿದ ಹಾಗೆ ಹೊಳೆಯುತ್ತಿದ್ದವು. ಅಂಗೈಯಷ್ಟು ಕತ್ತರಿಸಿಕೊಂಡು ಹೊರಗೆ ಬಂದಳು.

"ಮೂಟೇಲಿತ್ತು ನೋಡೇ. ಥೇಟ್ ಅದೇ ಥರ."

ಪುಟ್ಟಿ ಬಾಯಿ ಬಿಟ್ಟುಕೊಂಡು ನೋಡಿದಳು. ಮೂಗಿಗೆ ಹಿಡಿದು ಮೂಸಿದಳು.

"ನಿನ್ನ ವಾಸನೆ ಬರ್ತಿದೆ."

"ನನ್ನ ಮೂಟೆಯದ್ದಲ್ವಾ, ಇನ್ಯಾರದ್ದು ಬರತ್ತೆ?"

ಅಮ್ಮನನ್ನು ಮಾತ್ರ ಪುಟ್ಟಿ ಒಂದಿಷ್ಟೂ ಸೊಟ್ಟ ಮಾಡಲಿಲ್ಲ. ಉಸಿರು ಬಿಗಿಹಿಡಿದು ಕತ್ತರಿಸಿ ಅಂಟಿಸಿದಳು. ರಟ್ಟನ್ನು ಒಣಗಲು ಬೀರುವಿನ ತಲೆಯ ಮೇಲೆ ಇಟ್ಟರು.

ಬೆಳಿಗ್ಗೆ ಸ್ಕೂಲಿನ ಹೊತ್ತಿಗೆ ಚಿಕ್ಕಮ್ಮ ಸ್ಟೂಲು ಹತ್ತಿ ರಟ್ಟನ್ನು ಇಳಿಸುತ್ತಿದ್ದಳು. ಕೆಳಗೆ ಪುಟ್ಟಿ ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದಳು. ಬೀದಿಯ ಬಟ್ಟೆಗೆಲ್ಲ ಅಂಚು ಹೊಲಿಯುವವಳು ತನ್ನ ಗೌನಿನ ಬಿಚ್ಚಿದ ಅಂಚನ್ನು ಹಾಗೇ ಬಿಟ್ಟಿದ್ದಳು. ಅದು ಮಗುವಿನ ಕಣ್ಣೆದುರಿಗೇ ಜೋತುಬಿದ್ದಿತ್ತು.

"ಚಿಕ್ಕಮ್ಮ, ಒಳಗಡೆ ಹೂವಿದೆ."

ಪುಟ್ಟಿ ಎರಡು ಬೆರಳಲ್ಲಿ ಅಂಚು ಎತ್ತಿ, ಮಗುಚಿ, ಕತ್ತರಿ ಆಡಿದ ಜಾಗ ಹುಡುಕಿ ನೋಡಿದಳು.

"ಮೂಟೇಲಿತ್ತು ಅಂದೆ."

ಹೇಳಲು ಎಷ್ಟೋ ಮಾತಿತ್ತು. ಚಿಕ್ಕಮ್ಮನ ಬಾಯಿಗೆ ಬಂದದ್ದು ಕಸುಬಿನ ಮಾತು.

"ಬಟ್ಟೆ ಗಟ್ಟಿ ಇತ್ತು ಪುಟ್ಟಿ. ಎಸೆಯೋಕೆ ಮನಸ್ಸಾಗ್ಲಿಲ್ಲ."

ಪುಟ್ಟಿ ಅಂಚನ್ನು ಬಿಟ್ಟಳು. "ನಮ್ಮಮ್ಮಂದು ಹಾಕ್ಕೊಂಡು ಪಾತ್ರೆ ತೊಳೀತಿದ್ರಾ?"

'ತೊಳೀತಿದ್ದೆಯಾ' ಅಲ್ಲ. ಚಿಕ್ಕಮ್ಮ ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಮಗು ರಟ್ಟನ್ನು ಕೈಯಿಂದ ಎಳೆದುಕೊಂಡು, ಎದೆಗೆ ಅವುಚಿಕೊಂಡು, ಶೂ ಲೇಸು ಕಟ್ಟಿಸಿಕೊಳ್ಳದೆಯೇ ಬಾಗಿಲು ದಾಟಿತ್ತು.

ಸ್ಕೂಲಿನಲ್ಲಿ ಪ್ರಾಜೆಕ್ಟು ತೋರಿಸುವ ದಿನ ಅಂತ ಮಧ್ಯಾಹ್ನ ಅಪ್ಪ ರಜೆ ಹಾಕಿ ಬಂದ. ಚಿಕ್ಕಮ್ಮ ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಹಾಕಿಕೊಂಡಳು. ಸ್ಕೂಲಿನ ಕಾರಿಡಾರಿನ ಉದ್ದಕ್ಕೂ ರಟ್ಟುಗಳು ನೇತಾಡುತ್ತಿದ್ದವು; ಯಾರದೋ ತಾತ ಕಾಲುಚೀಲದಲ್ಲಿ, ಯಾರದೋ ಅಣ್ಣ ಟವೆಲಿನಲ್ಲಿ. ಜನ ನಗುತ್ತ ಒಬ್ಬರನ್ನೊಬ್ಬರು ತಳ್ಳಿಕೊಂಡು ನೋಡುತ್ತಿದ್ದರು. ಪುಟ್ಟಿ ತನ್ನ ರಟ್ಟಿನ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದಳು.

"ಎಷ್ಟು ನೀಟಾಗಿದೆ! ಈ ಅಮ್ಮನ್ನಂತೂ ಎಷ್ಟು ಚೆನ್ನಾಗಿ ಕತ್ತರಿಸಿದ್ದಾಳೆ. ಇಲ್ಲೊಂದು ಕಡೆ ಅಂಟು ಚೆಲ್ಲಿಕೊಂಡಿದ್ದಾಳೆ ನೋಡಿ, ಅದೊಂದೇ," ಅಂದರು ಮಿಸ್ಸು, ಮುಂದಿನ ಮಗುವಿನ ಕಡೆ ಹೋಗುತ್ತ.

ಅಪ್ಪ ಬಗ್ಗಿ ನೋಡಿದ. ಅವನ ಬೆರಳು ಹಳದಿ ಹೂವಿನ ಹತ್ತಿರ ಹೋಗಿ, ಮುಟ್ಟದೆ ನಿಂತಿತು.

"ಇದೆಲ್ಲಿ ಸಿಕ್ತೇ ಪುಟ್ಟಿ?"

ಪುಟ್ಟಿ ಚಿಕ್ಕಮ್ಮನ ಮುಖವನ್ನೇ ನೋಡುತ್ತ ಹೇಳಿದಳು.

"ಅವರ ಮೂಟೇಲಿತ್ತಂತೆ."

"ಥೇಟ್ ಅದೇ," ಅಂದ ಅಪ್ಪ. ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಇಡೀ ರಟ್ಟನ್ನು ನೋಡಿದ. ಮುಖ ಅರಳಿತು. "ನೋಡೇ ಇಲ್ಲಿ, ನನ್ನ ಹೊಟ್ಟೆ ಸಮೇತ ಎಲ್ಲಾರೂ ಇದೀವಿ!"

"ಹ್ಞೂಂ," ಅಂದಳು ಚಿಕ್ಕಮ್ಮ.

ಹಸಿರು ಚಿಕ್ಕಮ್ಮ ನಿಂತಿದ್ದ ಕಡೆ ಅಂಟು ಒಣಗಿದ ಜಾಗ ಅಂಗೈಯಷ್ಟಿತ್ತು, ರಟ್ಟಿನ ಮೇಲ್ಪದರವೂ ಸ್ವಲ್ಪ ಕಿತ್ತು ಬಂದಿತ್ತು. ಅದರಲ್ಲಿ ಏಪ್ರನ್ನಿನ ಒಂದೆರಡು ಹಸಿರು ಎಳೆ ಇನ್ನೂ ಹಿಡಿದುಕೊಂಡಿದ್ದವು. ಬಿಳಿ ಬಟ್ಟೆಯ ಪುಟ್ಟಿಯ ಕೈ ಅವುಗಳ ಕಡೆಗೇ ಚಾಚಿಕೊಂಡಿತ್ತು. ಆ ಕೈಯನ್ನು ಯಾರೂ ಕತ್ತರಿಸಿರಲಿಲ್ಲ.