ಗಾಜಿನ ಮೇಲಿನ ಹಚ್ಚೆ

“ಇದು ನಾನಲ್ಲ ಕಣ್ ಸಾಮಿ! ಯಾವ ಮುಂಡೆ ಫೋಟ ತಂದು ನನ್ ಕೈಗೆ ಕೊಟ್ಟಿದ್ದೀರ?”

ಈರಕ್ಕ ಫೋಟೋವನ್ನು ಕೆಂಡ ಮುಟ್ಟಿದವಳಂತೆ ಜಗಲಿಯ ಮೇಲೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ದತ್ತಾತ್ರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹತ್ತು ವರ್ಷ ಮೇಷ್ಟರ ಕೆಲಸ ಮಾಡಿ, ಅದನ್ನು ಬಿಟ್ಟು ಕಡೂರಿನ ಪೇಟೆ ಬೀದಿಯಲ್ಲಿ ಸ್ಟುಡಿಯೋ ತೆರೆದವನು. ಅಮಲ್ದಾರರಿಂದಲೇ ‘ಭೇಷ್’ ಅನ್ನಿಸಿಕೊಂಡ ತನ್ನ ಕೆಲಸಕ್ಕೆ ದೇವನೂರಿನ ಹೆಂಗಸೊಬ್ಬಳು ಹೀಗೆ ಹೆಸರಿಡುವುದೆಂದರೇನು? ಬಗ್ಗಿ ಫೋಟೋ ಎತ್ತಿಕೊಂಡ. ನೋಡಿದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ಉಟ್ಟಿದ್ದ ನೀಲಿ ಸೀರೆ ಫೋಟೋದಲ್ಲಿ ಅಚ್ಚ ಬಿಳಿಯಾಗಿತ್ತು. ಅರಿಸಿನ ಹಚ್ಚಿದ ಮುಖ ಕಪ್ಪಿಟ್ಟು, ಹಣೆಯ ಕುಂಕುಮ ಆ ಕಪ್ಪಿನೊಳಗೇ ಕರಗಿಹೋಗಿತ್ತು. ಗಂಡ ಯುದ್ಧಕ್ಕೆ ಹೋಗಿರುವ ಹೆಂಗಸು ಬಿಳಿ ಸೀರೆಯುಟ್ಟು, ಬೋಳು ಹಣೆಯಲ್ಲಿ ನಗುತ್ತ ನಿಂತಿದ್ದಳು.

“ಫೋಟೋ ಹಿಡಿಯೋ ಗಾಜಿನ ಪ್ಲೇಟಿಗೆ ನಮ್ಮ ಹಾಗೆ ಬಣ್ಣ ತಿಳಿಯಲ್ಲಮ್ಮ. ಅದಕ್ಕೆ ನೀಲಿ ಅಂದ್ರೆ ಬಿಳಿ, ಕೆಂಪು ಹಳದಿ ಎಲ್ಲ ಕಪ್ಪು,” ಎಂದ.

“ನನ್ ಕೈಯಾಗಿನ ಹಚ್ಚೆ? ಅದೆಲ್ಲೋಯ್ತು? ತೋಳು ಉಜ್ಜಿ ತೊಳ್ದಂಗೈತಲ್ಲ!”

ಹಚ್ಚೆಯೂ ನೀಲಿಯೇ. ಬಿಸಿಲಲ್ಲಿ ಹೊಳೆಯುತ್ತಿದ್ದ ತೋಳಿನ ಬಿಳುಪಿನಲ್ಲಿ ಅದೂ ಅಳಿಸಿಹೋಗಿತ್ತು.

ಈರಕ್ಕನ ಗಂಡ ಮೈಸೂರು ಲ್ಯಾನ್ಸರ್ಸ್ ದಂಡಿನ ಜೊತೆ ಕುದುರೆ ನೋಡಿಕೊಳ್ಳುವ ಕೆಲಸಕ್ಕೆಂದು ಈಜಿಪ್ಟಿಗೆ ಹೋಗಿ ಎರಡು ವರ್ಷವಾಗಿತ್ತು. ಯಾರ ಕೈಲೋ ಬರೆಸಿದ ಕಾಗದವೊಂದು ಹೋದ ತಿಂಗಳು ಬಂದಿತ್ತು: ‘ನಿನ್ನ ಮುಖ ಈಚೆಗೆ ಕಣ್ಣಿಗೆ ಕಟ್ಟುತ್ತಿಲ್ಲ. ನಗುವಾಗ ಹೇಗಿದ್ದೆಯೋ ಹಾಗಿರುವ ಒಂದು ಫೋಟೋ ಕಳಿಸು.’ ಅದೇ ದಂಡಿನಿಂದ ರಜೆಗೆ ಬಂದಿದ್ದ ಶಿವನಿಯ ಹನುಮಂತಪ್ಪ ನಾಳೆ ಮಧ್ಯಾಹ್ನದ ರೈಲಿಗೆ ವಾಪಸು ಹೊರಡುವವನಿದ್ದ. ಫೋಟೋ ಅವನ ಕೈ ಸೇರಿದರೆ ಗಂಡನ ಕೈ ಸೇರಿದ ಹಾಗೆ. ಸೇರದಿದ್ದರೆ ಇನ್ನು ಯಾವ ಕಾಲಕ್ಕೋ.

ಆ ಬೆಳಿಗ್ಗೆ ಅವಳನ್ನು ಕ್ಯಾಮರಾದ ಮುಂದೆ ಕೂರಿಸಿ ದತ್ತಾತ್ರಿ ಎರಡು ಪ್ಲೇಟು ಕಳೆದಿದ್ದ. ನಗು ಅಂದಷ್ಟೂ ಅವಳು ಕಲ್ಲಾಗುತ್ತಿದ್ದಳು. ಆಗ ಒಳಗಿನಿಂದ ಹೆಂಡತಿ ವಿಶಾಲಾಕ್ಷಮ್ಮ ಒಂದು ಹಳೆಯ ಪ್ಲೇಟಿನ ಗಾಜನ್ನು ತಂದು ಕೊಟ್ಟಿದ್ದಳು; ಈಗಿನ ಫೋಟೋ ಅಚ್ಚಾದದ್ದು ಅದರಿಂದಲೇ. ಹೋದ ಸುಗ್ಗಿಯಲ್ಲಿ ದತ್ತಾತ್ರಿ ಪಟೇಲರ ಹೊಸ ಸಾರೋಟಿನ ಫೋಟೋ ತೆಗೆಯುತ್ತಿದ್ದಾಗ, ತೆಂಗಿನಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಯಾರ ಮಾತಿಗೋ ನಗುತ್ತ ಅಡ್ಡ ಬಂದಿದ್ದಳು. ಪ್ಲೇಟು ಹಾಳಾಯಿತೆಂದು ಬೀದಿಯಲ್ಲೇ ಕೂಗಾಡಿ ಅದನ್ನು ಮೂಲೆಗೆ ಎಸೆದವನು ಅವನೇ. ಎತ್ತಿಟ್ಟವಳು ವಿಶಾಲಾಕ್ಷಮ್ಮ. ಅಡ್ಡ ಬಂದವಳು ಈ ಈರಕ್ಕನೇ ಎಂದು ಗುರುತಿಸಿದವಳೂ ಅವಳೇ. ಹೆಸರು ವಿಶಾಲಾಕ್ಷಿಯಾದರೂ ಆಕೆಯ ಕಣ್ಣುಗಳು ಸಣ್ಣವು, ಆದರೆ ಅವುಗಳಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಈಗಲೂ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡವಳು ಹೊರಗೆ ಬಂದಳು.

“ಕೂತ್ಕೊ ಈರಕ್ಕ. ಸೀರೆಗೆ ಬಣ್ಣ ಬರಿಸೋಣ, ಹಣೆಗೆ ಕುಂಕುಮ ಇಡೋಣ. ಹಚ್ಚೇನೂ ಚುಚ್ಚೋಣ.”

“ಇರೋದು ಅದೊಂದೇ ಪ್ಲೇಟು ಕಣೇ,” ದತ್ತಾತ್ರಿ ಪಿಸುಗುಟ್ಟಿದ. “ಸೂಜಿ ಜಾರಿದ್ರೆ ಆ ನಗೂನೂ ಹೋಯ್ತು.”

“ನೀವು ಪಕ್ಕದಲ್ಲಿ ನಿಂತು ಹೀಗೆ ಉಸಿರು ಬಿಡದೇ ಇದ್ರೆ ಜಾರಲ್ಲ.”

ಕಿಟಕಿಗೆ ಒರಗಿಸಿದ ಇಳಿಜಾರು ಹಲಗೆಯ ಮೇಲೆ ಪ್ಲೇಟು ಇಟ್ಟುಕೊಂಡು ಕುಳಿತಳು. ಗಾಜಿನ ಮೇಲೆ ಎಲ್ಲವೂ ತಿರುವುಮುರುವು. ಪೆನ್ಸಿಲ್ ಆಡಿಸಿದಲ್ಲಿ ಕಾಗದ ಬೆಳ್ಳಗಾಗುತ್ತದೆ, ಕೆರೆದಲ್ಲಿ ಕಪ್ಪಾಗುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಸೀರೆಯ ಭಾಗವನ್ನು ಉಜ್ಜಿ ಉಜ್ಜಿ ತೆಳುವಾಗಿಸಿದಳು. ಮುಖದ ಮೇಲೆ ಮೊನಚು ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ಇಡುತ್ತ ಹೋಗಿ, ಹಣೆಯ ನಡುವೆ ಸಾಸಿವೆಯಷ್ಟು ಜಾಗ ಹಾಗೇ ಬಿಟ್ಟಳು. ದತ್ತಾತ್ರಿಗೆ ಬೆರಗಾಯಿತು. ಏನನ್ನೂ ಬರೆಯದೆ ಕುಂಕುಮ ಇಟ್ಟುಬಿಟ್ಟಿದ್ದಳಲ್ಲ! ಆರು ವರ್ಷದಿಂದ ಗಿರಾಕಿಗಳು ಹೊಗಳುತ್ತಿದ್ದದ್ದು ತನ್ನ ಕ್ಯಾಮರಾವನ್ನೋ ಇವಳ ಕೈಯನ್ನೋ ಎಂಬ ಅನುಮಾನ ಅವನಿಗೆ ಮೊದಲ ಸಲ ಬಂತು. ಬಂದದ್ದು ಒಳ್ಳೆಯದೇ ಆಯಿತು.

ಕಡೆಗೆ ಹಚ್ಚೆ. “ಏನು ಬರ್ಸಿದ್ದೀಯೇ ಅದು?” ಎಂದು ವಿಶಾಲಾಕ್ಷಮ್ಮ ಕೇಳಿದ್ದಕ್ಕೆ ಈರಕ್ಕ ನಾಚಿ ತಲೆ ತಗ್ಗಿಸಿದಳು.

“ಅವ್ರೆಸ್ರು ಕಣವ್ವ. ನಾ ಹೆಂಗೇಳ್ಲಿ? ನೀವೇ ನೋಡ್ಕಳಿ.”

ತೋಳು ಚಾಚಿದಳು. ಪರಸ್ತ್ರೀಯ ತೋಳು ದಿಟ್ಟಿಸುವುದು ತರವಲ್ಲವೆಂದು ದತ್ತಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಿಥಿ ಹುಡುಕತೊಡಗಿದ. ಗಾಜಿನ ಮೇಲೆ ಅಕ್ಷರ ಹಿಂದುಮುಂದಾಗಿ ಬೀಳಬೇಕು. ವಿಶಾಲಾಕ್ಷಮ್ಮ ಕನ್ನಡಿ ತಂದು ಈರಕ್ಕನ ತೋಳಿನ ಎದುರು ನಿಲ್ಲಿಸಿ, ಕನ್ನಡಿಯೊಳಗಿನ ಅಕ್ಷರ ನೋಡುತ್ತ ಹೊಲಿಗೆ ಸೂಜಿಯಿಂದ ಒಂದೊಂದನ್ನೇ ಕೆರೆದಳು. ರಾಗಿ ಕಾಳಿನಷ್ಟು ಅಕ್ಷರ. ಸೂಜಿ ಗಾಜಿಗೆ ತಾಗಿದಾಗಲೆಲ್ಲ ಈರಕ್ಕ ‘ಸ್ಸ್’ ಎಂದು ಕೈ ಸೆಳೆದುಕೊಳ್ಳುತ್ತಿದ್ದಳು.

“ನಿಂಗಲ್ಲ ಕಣೇ ಚುಚ್ತಿರೋದು!”

“ಗೊತ್ತು ಕಣವ್ವ. ಆದ್ರೂ ಚುಚ್ಚಿದಂಗೇ ಆಯ್ತದೆ.”

ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಿಸಿಲಿಲ್ಲದೆ ಕಾಗದದ ಮೇಲೆ ಚಿತ್ರ ಮೂಡದು. ಬೆಳಿಗ್ಗೆ ಬರಲು ಹೇಳಿ ಈರಕ್ಕನನ್ನು ಊರೊಳಗಿದ್ದ ಅವಳ ಸೋದರತ್ತೆಯ ಮನೆಗೆ ಕಳಿಸಿದರು.

ಮರುದಿನ ಬಿಸಿಲೇರುತ್ತಲೇ ದತ್ತಾತ್ರಿ ಭೂತಗನ್ನಡಿ ಹಿಡಿದು ಪ್ಲೇಟು ಪರೀಕ್ಷಿಸಿದ. ಹಿಂದಿನಿಂದ ತಿರುಗಿಸಿ ಓದಿದ: ಚಿಕ್ಕಬೀರಪ. ಮೇಷ್ಟರ ಜೀವ ಒಳಗೇ ಎದ್ದು ಕೂತಿತು.

“ಲೇ, ‘ಪ’ಕ್ಕೆ ಒತ್ತು ಬಿಟ್ಟಿದ್ದೀಯಲ್ಲೇ!”

“ಅವಳ ಕೈ ಮೇಲೂ ಇಲ್ಲ.”

“ಹಚ್ಚೆ ಹಾಕಿದೋಳು ಓದಿರಲ್ಲ, ಬಿಟ್ಟಿರ್ತಾಳೆ. ಕಡಲಾಚೆ ಹೋಗೋ ಫೋಟೋ ಇದು, ನಾಲ್ಕು ಜನ ನೋಡ್ತಾರೆ. ಎಲ್ಲ ತಿದ್ದಿದ ಮೇಲೆ ಇದೊಂದು ಯಾಕೆ ತಪ್ಪು ಉಳೀಬೇಕು? ಸೂಜಿ ಕೊಡು ಇಲ್ಲಿ.” ಮೇಜಿನ ಮೇಲಿದ್ದ ಸೂಜಿಯನ್ನು ತಾನೇ ಎತ್ತಿಕೊಂಡ. ತುದಿ ಇನ್ನೇನು ಗಾಜಿಗೆ ತಾಗಬೇಕು, ವಿಶಾಲಾಕ್ಷಮ್ಮ ಅವನ ಮಣಿಕಟ್ಟು ಹಿಡಿದಳು.

“ಬೇಡ ಅಂದ್ರೆ. ಸೀರೆ ನೀಲಿ ಇತ್ತು, ಕುಂಕುಮ ಇತ್ತು, ಅದಕ್ಕೆ ತಿದ್ದಿದೆ. ಒತ್ತು ಇರಲಿಲ್ಲ.”

ಅವಳು ಹಾಗೆ ಕೈ ಹಿಡಿದದ್ದು ಬಹಳ ಅಪರೂಪ. ದತ್ತಾತ್ರಿ ಗೊಣಗುತ್ತಲೇ ಸೂಜಿ ಕೆಳಗಿಟ್ಟ.

ಪ್ಲೇಟಿಗೆ ಕಾಗದ ಒತ್ತಿ, ಚೌಕಟ್ಟಿಗೆ ಬಿಗಿದು ಅಂಗಳದ ಬಿಸಿಲಿಗೆ ಇಟ್ಟರು. ವಿಶಾಲಾಕ್ಷಮ್ಮ ಕುಕ್ಕರಗಾಲಲ್ಲಿ ಕೂತು ಚೌಕಟ್ಟಿನೊಳಗಿನ ಈರಕ್ಕನ ಮುಖದ ಮೇಲೆ ಅಂಗೈ ನೆರಳು ಆಡಿಸುತ್ತ, ಸುತ್ತಲ ಬೀದಿ ಕಪ್ಪಾಗಲು ಬಿಟ್ಟಳು. ಪಟೇಲರ ಸಾರೋಟು, ಬೆಳ್ಳನೆಯ ಗೋಡೆ, ಯಾರದೋ ಕಾಲು, ಎಲ್ಲ ನಿಧಾನವಾಗಿ ಹಿಂದೆ ಸರಿದವು. ಬುಟ್ಟಿಗೆ ಕೈಯೆತ್ತಿ ಹಿಡಿದ ಹೆಂಗಸಿನ ನಗು ಮಾತ್ರ ಮುಂದೆ ಬಂತು. ಇಷ್ಟು ಚೆಂದದ ಫೋಟೋ ಈ ಸ್ಟುಡಿಯೋದಿಂದ ಹೊರಬಿದ್ದಿರಲಿಲ್ಲ. ದತ್ತಾತ್ರಿ ಅದನ್ನು ಬಾಯಿ ಬಿಟ್ಟೇ ಹೇಳಿದ. ಹೆಂಡತಿ ಕೇಳಿಸದವಳಂತೆ ಬೆವರು ಒರೆಸಿಕೊಂಡಳು.

ಈರಕ್ಕ ಬಂದವಳು ಮೊದಲು ಸೀರೆ ನೋಡಿದಳು, ಆಮೇಲೆ ಹಣೆ. ಬಳಿಕ ತೋಳನ್ನು ಫೋಟೋದ ಪಕ್ಕಕ್ಕೆ ತಂದು, ತೋಳಿನ ಮೇಲೊಂದು ಅಕ್ಷರ, ಕಾಗದದ ಮೇಲೊಂದು ಅಕ್ಷರ ಎಂದು ಬೆರಳಿಟ್ಟು ಹೋಲಿಸುತ್ತ ಹೋದಳು. ಕೊನೆಯದರ ಕೆಳಗೆ ಬೆರಳು ನಿಂತಿತು.

“ಇಲ್ಲೊಂದು ಕೊಂಡಿ ಇರ್ಬೇಕಂತೆ, ಅಲ್ವಾ ಸಾಮಿ?”

“ಹೌದಮ್ಮ... ಗೊತ್ತಾ ನಿನಗೆ?”

“ಗೊತ್ತಿಲ್ದೆ ಏನು! ಅವ್ರಿಗೆ ಬರಿಯಾಕ್ ಬರೋದು ಅವ್ರ ಹೆಸ್ರೊಂದೇ; ಹಚ್ಚೆಯೋಳು ಬಂದಾಗ ಅವ್ರೇ ನನ್ ತೋಳ್ ಮ್ಯಾಲೆ ಇದ್ಲಿನಾಗೆ ಬರ್ದ್ಕೊಟ್ರು. ಕಚಗುಳಿ ಆಗಿ ನಾನು ನಕ್ಕು ಕೈ ಎಳ್ಕಂಬಿಟ್ಟೆ. ಕೊಂಡಿ ಉಳ್ಕಂತು. ಹೋಗೋ ದಿನ ಅಂದ್ರು, ‘ಅದು ಹಂಗೇ ಇರ್ಲಿ, ಯಾರ್ ಕೈಲೂ ಹಾಕಿಸ್ಕಬ್ಯಾಡ, ಬಂದು ನಾನೇ ಬರೀತೀನಿ’ ಅಂತ.” ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕಳು. ಫೋಟೋದಲ್ಲಿದ್ದ ನಗುವೇ ಅದು. “ಇದ್ನ ನೋಡಿದ್ರೆ ಅವ್ರಿಗೆ ನೆಪ್ಪಾಯ್ತದೆ. ಬತ್ತೀನಿ ಕಣವ್ವ, ರೈಲು ಹೊತ್ತಾಯ್ತು.”

ಫೋಟೋವನ್ನು ಮಡಿಲಲ್ಲಿ ಕಟ್ಟಿಕೊಂಡು ಸ್ಟೇಷನ್ನಿನ ಕಡೆಗೆ ಬಿರಬಿರನೆ ನಡೆದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ದತ್ತಾತ್ರಿ ಹೆಂಡತಿಯ ಮುಖ ನೋಡಲಿಲ್ಲ. ಆಮೇಲೆ ಒಳಗೆ ಹೋಗಿ ಪ್ಲೇಟನ್ನು ಮೃದುವಾಗಿ ಒರೆಸಿ ಹೊಸ ಲಕೋಟೆಗೆ ಹಾಕಿದ. ಮೇಲೆ ಹೆಸರು ಬರೆಯುವುದು ಸ್ಟುಡಿಯೋದ ಪದ್ಧತಿ. ಲೇಖನಿಯನ್ನು ಮಸಿಯಲ್ಲಿ ಅದ್ದಿ ತನ್ನ ಮೇಷ್ಟರ ದುಂಡು ಅಕ್ಷರದಲ್ಲಿ ಬರೆದ: ದೇವನೂರು ಈರಕ್ಕ, ಗಂಡ ಚಿಕ್ಕಬೀರಪ. ‘ಪ’ದ ಕೆಳಗೆ ಒಂದು ಕೊಂಡಿಗಾಗುವಷ್ಟು ಜಾಗ ಬಿಟ್ಟು, ಮಸಿ ಆರುವವರೆಗೂ ಲಕೋಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನಿಂತ.