ಒಂದು ಗೇಣು ಕಡಿಮೆ

ನಾನು ಒಂದು ಅಳತೆಕೋಲು. ಅದಕ್ಕೂ ಮೊದಲು ಯಾರದೋ ಮನೆಯ ಬಾಗಿಲ ಚೌಕಟ್ಟಾಗಿದ್ದೆನಂತೆ. ಅದು ನನಗೆ ನೆನಪಿಲ್ಲ, ಆದ್ದರಿಂದ ಖಂಡಿತವಾಗಿ ಹೇಳಲಾರೆ. ನೆನಪಿರುವುದು ಓಬಳಯ್ಯ ಮೇಸ್ತ್ರಿಯವರ ಉಳಿಯಿಂದ ಈಚೆಗೆ. ಹುಣಸೆತೋಪು ರೈಲ್ವೆ ಹಾಲ್ಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರು ನನ್ನನ್ನು ಹೆರೆದು, ನುಣುಪು ಮಾಡಿ, ಪಾದಕ್ಕೆ ಹಿತ್ತಾಳೆಯ ಬಳೆ ತೊಡಿಸಿದರು. ಪಾದದಿಂದ ಟೇಪು ಹಿಡಿದು ಮೂರು ಸಲ ಅಳೆದು, ಎದೆಯ ಮೇಲೆ ಒಂದು ಕೆಂಪು ಗೆರೆ ಎಳೆದರು. ಬಣ್ಣ ಒಣಗಿದ ಮೇಲೆ ನಾಲ್ಕನೆಯ ಸಲವೂ ಅಳೆದರು. ಮನೆಗೆ ಬೀಗ ಹಾಕಿ ಬಂದು, ದಾರಿಯಿಂದ ಹಿಂದಿರುಗಿ ಬೀಗ ಜಗ್ಗಿ ನೋಡುವ ಜಾತಿಯ ಮನುಷ್ಯ ಅವರು.

ಆಗ ನಮ್ಮ ಲೈನಿಗೆ ಕರೆಂಟು ಬರುವುದಿತ್ತು. ಹಳಿಯುದ್ದಕ್ಕೂ ಕಂಬ ನೆಡಲು ಗುಂಡಿ ತೋಡಬೇಕು. ತೋಡುವವರು ಪಾವಗಡದ ಕಡೆಯಿಂದ ಬಂದಿದ್ದ ಮಾರಕ್ಕನ ಗುಂಪಿನ ಹನ್ನೊಂದು ಜನ ಹೆಂಗಸರು. ತೋಡಿದ್ದನ್ನು ಅಳೆಯುವವನು ನಾನು. ಓಬಳಯ್ಯನವರು ನನ್ನನ್ನು ಗುಂಡಿಗೆ ಇಳಿಸುತ್ತಿದ್ದರು. ಕೆಂಪು ಗೆರೆ ನೆಲಕ್ಕೆ ಸಮ ಬಂದರೆ ಗುಂಡಿ ಪಾಸು. ಗೆರೆ ಮೇಲೆ ಉಳಿದರೆ, "ಇನ್ನೊಸಿ ತೋಡ್ರವ್ವಾ" ಎನ್ನುತ್ತಿದ್ದರು. ಆ ಅಧಿಕಾರ ನನಗೆ ಸ್ವಲ್ಪ ತಲೆಗೇರಿತ್ತು ಎಂದು ಈಗ ಅನಿಸುತ್ತದೆ.

ಕೆಲಸವಿಲ್ಲದಾಗ ನನ್ನನ್ನು ಯೋಜನೆಯ ಬೋರ್ಡಿಗೆ ಒರಗಿಸುತ್ತಿದ್ದರು. ಅಂದಾಜು ವೆಚ್ಚ ಇಷ್ಟು, ಮುಗಿಯುವ ದಿನಾಂಕ ಇಂಥದು ಎಂದು ಬರೆದಿದ್ದ ಬೋರ್ಡು ಅದು. ನಾನಿದ್ದಾಗಲೇ ಪೇಂಟರು ಎರಡು ಸಲ ಬಂದು ಹಳೆಯ ಅಂಕಿಗೆ ಬಿಳಿ ಬಳಿದು ದೊಡ್ಡ ಅಂಕಿ ಬರೆದುಹೋದ. ಕೆಲಸಕ್ಕಾಗಿ ಲೈನು ಬಿಟ್ಟುಕೊಡಬೇಕಾಗಿ, ಬೆಂಗಳೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ವಾರಕ್ಕೆ ನಾಲ್ಕು ದಿನ ರದ್ದಾಗುತ್ತಿತ್ತು. ಗಾರ್ಮೆಂಟ್ಸಿಗೆ ಹೋಗುವ ಸಿದ್ದಗಂಗಮ್ಮ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬೋರ್ಡನ್ನೇ ಬೈಯುತ್ತಿದ್ದಳು. ಹಾಲ್ಟಿನಲ್ಲಿ ಟಿಕೆಟ್ ಕೊಡುವ ಲೋಕಣ್ಣ ಕಿಟಕಿಯಿಂದ ತಲೆ ಹಾಕಿ, "ಬೋರ್ಡ್‌ನಾಗೆ ದುಡ್ಡು ಬೆಳೀತೈತೆ ಕಣಕ್ಕ, ಲೈನ್‌ನಾಗೆ ಕಂಬ ಬೆಳೀತಿಲ್ಲ" ಎನ್ನುತ್ತಿದ್ದ.

ಇದನ್ನೆಲ್ಲ ಕೇಳಿ ಕೇಳಿ ನನಗೂ ಅನುಮಾನ ಹತ್ತಿತು. ಸಿಮೆಂಟ್ ಚೀಲ ಎಣಿಸುವ ಸೂಪರ್‌ವೈಸರ್ ಯಾಕೆ ತುಟಿ ಅಲ್ಲಾಡಿಸದೆ ಎಣಿಸುತ್ತಾನೆ? ಲಾರಿ ಯಾಕೆ ಟಾರ್ಪಾಲು ಮುಚ್ಚಿಕೊಂಡು ಹೋಗುತ್ತದೆ? ಮಾರಕ್ಕ ನನ್ನನ್ನು ಕಂಡಾಗಲೆಲ್ಲ ಯಾಕೆ ನಗುತ್ತಾಳೆ? ಎಲ್ಲರನ್ನೂ ಅನುಮಾನಿಸಿದೆ, ನನ್ನೊಬ್ಬನನ್ನು ಬಿಟ್ಟು.

ಒಂದು ಮಧ್ಯಾಹ್ನ ಜಲ್ಲಿ ಲಾರಿ ಹಿಂದಕ್ಕೆ ಬರುತ್ತಾ ನನ್ನ ಪಾದದ ಮೇಲೆ ಹತ್ತಿತು. ಮರ ಸೀಳಿತು. ಓಬಳಯ್ಯನವರಿಗೆ ಸೊಟ್ಟಗಿರುವುದು ಯಾವುದೂ ಸಹಿಸದು. ಸೀಳಿದ ಭಾಗವನ್ನು ಗರಗಸದಲ್ಲಿ ನೀಟಾಗಿ ಕೊಯ್ದು, ಉಜ್ಜಿ, ಅದೇ ಹಿತ್ತಾಳೆ ಬಳೆಯನ್ನು ಮತ್ತೆ ತೊಡಿಸಿದರು. ನೋಡಲು ಹೊಸದರಂತಾದೆ. ಕೆಂಪು ಗೆರೆ ಇದ್ದಲ್ಲೇ ಇತ್ತು. ಅದರಲ್ಲಿ ತಪ್ಪೇನಿದೆ ಎಂದು ಆ ದಿನ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಮೇಲೆ ನಲವತ್ತೊಂದು ಗುಂಡಿಗಳನ್ನು ಪಾಸು ಮಾಡಿದೆ.

ತಿಂಗಳ ಮೇಲೆ ಇಂಜಿನಿಯರ್ ಮೇಡಂ ತಪಾಸಣೆಗೆ ಬಂದರು. ಅವರದು ಉಕ್ಕಿನ ಟೇಪು. ಇನ್ನೂ ಕಾಂಕ್ರೀಟು ತುಂಬದ ಒಂಬತ್ತು ಗುಂಡಿಗಳನ್ನು ಅಳೆದರು. ಒಂಬತ್ತೂ ಒಂದು ಗೇಣು ಕಡಿಮೆ.

"ಎಲ್ಲವೂ ಸರಿಯಾಗಿ ಒಂದೇ ಅಳತೆ ಕಡಿಮೆ ಅಂದ್ರೆ ಇದು ಮಾತಾಡ್ಕೊಂಡು ಮಾಡಿರೋದು" ಎಂದರು.

ಸೂಪರ್‌ವೈಸರ್ ಮಾರಕ್ಕನ ಕಡೆ ಕೈ ತೋರಿಸಿದ.

"ನಾವು ಕದ್ದಿದ್ರೆ ಕದ್ದಿರೋ ಮಣ್ಣು ಇನ್ನೂ ಗುಂಡೀಲೇ ಐತೆ, ನೋಡ್ಕಳಿ ಮೇಡಮ್ಮೋರೆ" ಎಂದಳು ಮಾರಕ್ಕ. ಹಿಂದಿನ ಹದಿನೈದು ದಿನದ ಕೂಲಿ ತಡೆಹಿಡಿಯಬೇಕು, ಮೂರನೆಯ ದಿನ ಗುಂಪನ್ನೇ ಕೆಲಸದಿಂದ ತೆಗೆಯಬೇಕು ಎಂದಾಯಿತು.

ಓಬಳಯ್ಯನವರು ಶೆಡ್ಡಿಗೆ ಬಂದು ನನ್ನನ್ನು ನೆಲದ ಮೇಲೆ ಮಲಗಿಸಿದರು. ಪಾದದಿಂದ ಕೆಂಪು ಗೆರೆಯವರೆಗೆ ಟೇಪು ಹಿಡಿದರು. ಒಂದು ಸಲ ಅಳೆದರು. ಎರಡನೆಯ ಸಲ ಅಳೆಯಲಿಲ್ಲ. ಖಾಲಿ ಸಿಮೆಂಟ್ ಚೀಲಗಳ ಕೆಳಗೆ ನನ್ನನ್ನು ತಳ್ಳಿ ಹೊರಟುಹೋದರು.

ಎರಡು ದಿನ ನಾನು ಅಲ್ಲೇ ಇದ್ದೆ. ಅವರನ್ನು ಅನುಮಾನಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಆದರೆ ಆಗ ಅನುಮಾನಿಸಿದೆ. ಒಲೆಗೆ ಹಾಕಿಬಿಡುತ್ತಾರೆ ಎಂದುಕೊಂಡೆ. ಅರವತ್ತೆರಡು ದಾಟಿದ ಮೇಸ್ತ್ರಿ. ಅಳತೆ ತಪ್ಪಿದವನೆಂದು ಹೆಸರು ಬಂದರೆ ಮತ್ತೆ ಯಾರು ಕೆಲಸ ಕೊಡುತ್ತಾರೆ? ಶೆಡ್ಡಿನ ಹಿಂದೆ ಆ ಹೆಂಗಸರು ಪಾತ್ರೆ ಪಡಗ ಗಂಟು ಕಟ್ಟುವ ಸದ್ದು ನನಗೆ ಕೇಳಿಸುತ್ತಿತ್ತು. ಓಬಳಯ್ಯನವರಿಗೂ ಕೇಳಿಸಿರಬೇಕು.

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಸೇರಿದ್ದಾಗ ಅವರು ನನ್ನನ್ನು ಹೆಗಲ ಮೇಲೆ ಹೊತ್ತು ತಂದು ಮೇಡಂ ಮುಂದೆ ಇಟ್ಟರು.

"ಇದನ್ನ ಅಳೀರಿ ಮೇಡಂ. ಕಾಲು ಕೊಯ್ದೋನು ನಾನು. ಗೆರೆ ಮೇಲಕ್ಕೆ ಏರಿಸ್ಬೇಕು ಅಂತ ಹೊಳೀಲಿಲ್ಲ. ಇವ್ರು ನಾನು ಹೇಳಿದಷ್ಟು ತೋಡವ್ರೆ."

ಮೇಡಂ ಅಳೆದರು. ಮಾರಕ್ಕನ ಗುಂಪಿನ ಕೂಲಿ ಅಂದೇ ಬಂತು. ಓಬಳಯ್ಯನವರ ಕೆಲಸ ಅಂದೇ ಹೋಯಿತು. ಅವರು ಹೊರಡುವಾಗ ಮಾರಕ್ಕ ಎದುರು ನಿಂತಳು.

"ಮೇಸ್ತ್ರಿ, ಎರಡು ದಿನ ಮೊದ್ಲೇ ಹೇಳಿದ್ರೆ ನಮ್ಮ ಹುಡುಗೀರು ಎರಡು ದಿನ ಕಮ್ಮಿ ಅಳೋರು" ಎಂದಳು. ಆಮೇಲೆ ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಅವರ ಕೈಗಿಟ್ಟಳು. ಅವರು ಅದನ್ನು ನಿಂತೇ ತಿಂದರು. ಹೋಗುವ ಮೊದಲು ಚಾಕುವಿನಿಂದ ನನ್ನ ಪಾದದ ಹತ್ತಿರ ಬರೆದರು: ಒಂದು ಗೇಣು ಕಡಿಮೆ.

ತುಂಬಿದ್ದ ಕಾಂಕ್ರೀಟನ್ನೆಲ್ಲ ಒಡೆದು ಮತ್ತೆ ತೋಡಬೇಕಾಯಿತು. ಬೆಳಗಿನ ರೈಲು ಇನ್ನೂ ಎರಡು ತಿಂಗಳು ರದ್ದಾಗುತ್ತಲೇ ಇತ್ತು. ಪೇಂಟರು ಮೂರನೆಯ ಸಲ ಬಂದ.

"ಒಂದು ಕೋಲಿಂದ ಇಷ್ಟೆಲ್ಲ ಆಗೋಕಾಯ್ತದಾ? ಯಾರ್ ಯಾರ್ದೋ ತಪ್ಪನ್ನ ಮುದುಕನ ತಲೆಗೆ ಕಟ್ಟವ್ರೆ" ಎಂದ ಲೋಕಣ್ಣ.

"ಒಪ್ಕೊಳ್ಳೋಕೆ ಎಷ್ಟು ಕೊಟ್ರೋ" ಎಂದಳು ಸಿದ್ದಗಂಗಮ್ಮ.

ನನಗೆ ಬಾಯಿದ್ದಿದ್ದರೆ ಎಂದು ಜೀವನದಲ್ಲಿ ಅನಿಸಿದ್ದು ಆಗೊಮ್ಮೆ ಮಾತ್ರ. ಆದರೆ ಬಾಯಿದ್ದರೂ ಯಾರು ನಂಬುತ್ತಿದ್ದರು? ಸುಳ್ಳು ಹೇಳಿದ್ದು ನಾನೇ ತಾನೆ.

ಈಗ ಕರೆಂಟು ರೈಲು ಓಡುತ್ತಿದೆ. ನಾನು ಲೋಕಣ್ಣನ ಟಿಕೆಟ್ ಕಿಟಕಿಯ ಮೇಲೆತ್ತುವ ತಗಡಿಗೆ ಆಸರೆಯಾಗಿ ನಿಂತಿದ್ದೇನೆ. ಅಲ್ಲಿಗೂ ನಾನು ಸ್ವಲ್ಪ ಗಿಡ್ಡ. ತಗಡು ಪೂರ್ತಿ ಏಳುವುದಿಲ್ಲ, ಟಿಕೆಟ್ ಕೊಳ್ಳುವವರು ತಲೆ ತಗ್ಗಿಸಬೇಕು. ತಗ್ಗಿಸಿದಾಗ ಒಬ್ಬಿಬ್ಬರಿಗೆ ಆ ಬರಹ ಕಾಣುತ್ತದೆ. ಏನಿದು ಎಂದು ಕೇಳುತ್ತಾರೆ. "ಯಾವ್ದೋ ಹಳೇ ಕಥೆ ಬಿಡಿ" ಎನ್ನುತ್ತಾನೆ ಲೋಕಣ್ಣ.

ನನ್ನ ಎದೆಯ ಕೆಂಪು ಗೆರೆ ಇನ್ನೂ ಮಾಸಿಲ್ಲ, ದೂರದಿಂದಲೂ ಕಾಣುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ಬಗ್ಗಿ ನನ್ನ ಪಾದದ ಹತ್ತಿರ ಓದಿ. ಓಬಳಯ್ಯನವರು ಬರೆದದ್ದು ಅಲ್ಲಿದೆ.